ರಿಜೆಕ್ಟ್ ರಾಶಿಗೆ ಕೈ ಹಚ್ಚುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ಕಾರ್ಖಾನೆ ಮಾಲೀಕರಿಗೆ, ಕ್ವಾಲಿಟಿ ಮುಖ್ಯಸ್ಥರಿಗೆ, ಶಿಫ್ಟ್ ಸೂಪರ್‌ವೈಸರ್‌ಗಳಿಗೆ, ಹೊಸ ಉತ್ಪನ್ನದ ಹೊಣೆ ಹೊತ್ತವರಿಗೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಫೌಂಡ್ರಿಯವು. ಬೆಳಗಾವಿಯಲ್ಲಿ ಎರಕ ಹೊಯ್ಯುವವರಿಗೂ ಪೀಣ್ಯದಲ್ಲಿ ಲೇತ್ ಓಡಿಸುವವರಿಗೂ ನಿಯಮ ಒಂದೇ.

ವಿಷಯ: ದೋಷದ ದಾಖಲೆ, ಅನುಭವಿಯ ಅರಿವು, ಹೊಸ ಪ್ರಯೋಗ. ಈ ಮೂರೂ ಒಂದೇ ಮೇಜಿಗೆ ಬರಬೇಕು.

ಬರದಿದ್ದರೆ: 1986ರ ಜನವರಿ 28ರಂದು ನಾಸಾದ ಚಾಲೆಂಜರ್ ನೌಕೆ ಆಕಾಶದಲ್ಲೇ ಛಿದ್ರವಾಗಿ ಏಳು ಮಂದಿ ಸತ್ತರು. ಚಳಿಗೆ ರಬ್ಬರಿನ ಓ-ರಿಂಗ್ ಸೆಡೆತುಕೊಳ್ಳುತ್ತದೆ, ಹಾರಿಸಬೇಡಿ ಎಂದು ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹೇಳಿದ್ದರು. 2003ರ ಫೆಬ್ರವರಿ 1ರಂದು ಕೊಲಂಬಿಯಾ ಭೂಮಿಗೆ ಮರಳುವಾಗ ಒಡೆದು ಮತ್ತೆ ಏಳು ಮಂದಿ ಸತ್ತರು. ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ಇಂಧನ ಟ್ಯಾಂಕಿನ ಫೋಮ್ ಕಳಚಿ ನೌಕೆಗೆ ಬಡಿಯುವುದು ಹಿಂದಿನ ಹಾರಾಟಗಳಲ್ಲೂ ಆಗಿತ್ತು, ದಾಖಲೆಯಲ್ಲೂ ಇತ್ತು. ಮೊದಲ ದುರಂತದ ಪಾಠವನ್ನು ಸಂಸ್ಥೆ ಕಲಿತಿರಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು. ನಿಮ್ಮಲ್ಲಿ ತಯಾರಾಗುವುದು ಬ್ರೇಕ್ ಡ್ರಮ್ ಆದರೆ ಲೆಕ್ಕ ಇದೇ. ಪಂಪಿನ ಕವಚವಾದರೆ ಜೀವ ಉಳಿಯುತ್ತದೆ, ಆರ್ಡರ್ ಹೋಗುತ್ತದೆ, ಅದರ ಹಿಂದೆ ಸಂಬಳವೂ ಹೋಗುತ್ತದೆ.

ಎಚ್ಚರಿಕೆ ಇಷ್ಟೇ. ಮುಂದಿನವು ಆಜ್ಞೆಗಳು.

ಮಾಡಬೇಕಾದ್ದು

ದೋಷ ಕಂಡ ಕೂಡಲೇ

ಲೈನ್ ನಿಲ್ಲಿಸಿ.
ನಿಲ್ಲಿಸಿದವರ ಹೆಸರು ಬರೆದುಕೊಳ್ಳಿ. ಬೈಯಲಿಕ್ಕಲ್ಲ, ಕೇಳಲಿಕ್ಕೆ.
ಕೆಟ್ಟ ತುಣುಕನ್ನು ಎತ್ತಿಡಿ.
ಚೀಟಿ ಕಟ್ಟಿ: ತಾರೀಕು, ಶಿಫ್ಟು, ಹೀಟ್ ನಂಬರು, ಪ್ಯಾಟರ್ನ್ ನಂಬರು, ಅಂದು ಮಳೆ ಇತ್ತೋ ಬಿಸಿಲಿತ್ತೋ.
ದೋಷದ ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ.
ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.
ಮೊದಲು ಕಂಡವರನ್ನು ಮೊದಲು ಕೇಳಿ.
ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ.

ಕೊನೆಯದು ಚಿಕ್ಕ ವಿಷಯವಲ್ಲ. ಮೋಲ್ಡರ್ "ಮರಳು ಸತ್ತಿದೆ" ಅನ್ನುತ್ತಾನೆ. ಸೂಪರ್‌ವೈಸರ್ ಅದನ್ನು "ಸ್ಯಾಂಡ್ ಪ್ರಾಬ್ಲಂ" ಎಂದು ಬರೆಯುತ್ತಾನೆ. ಅಲ್ಲಿಗೆ ಅರಿವು ಹೋಯಿತು. ಮತ್ತೆ ಮತ್ತೆ ಕಾದ ಮರಳಿನಲ್ಲಿ ಬೆಂಟೊನೈಟ್ ಜೇಡಿ ಸುಟ್ಟು ಅಂಟುವ ಗುಣ ಕಳೆದುಕೊಳ್ಳುತ್ತದೆ. ಲೋಹಶಾಸ್ತ್ರದ ಪುಸ್ತಕದಲ್ಲೂ ಅದರ ಹೆಸರು ಸತ್ತ ಜೇಡಿ ಎಂದೇ. ಮೆಥಿಲೀನ್ ಬ್ಲೂ ಪರೀಕ್ಷೆ ಮಾಡಿದರೆ ಜೀವಂತ ಜೇಡಿ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಮೋಲ್ಡರನಿಗೆ ಪರೀಕ್ಷೆಯ ಹೆಸರು ಗೊತ್ತಿರಲಿಲ್ಲ, ಉತ್ತರ ಗೊತ್ತಿತ್ತು.

ಲೈನ್ ನಿಲ್ಲಿಸುವುದು ನಷ್ಟ ಅನ್ನುವವರಿಗೆ ಒಂದು ಮಾತು. ಸಾಕಿಚಿ ಟೊಯೋಡ 1924ರಲ್ಲಿ ಹೊರತಂದ ಮಗ್ಗ, ದಾರ ತುಂಡಾದರೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯಬಾರದು ಎಂದು ಮಾಡಿದ ಏರ್ಪಾಡದು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಮಗ್ಗದ ಹಕ್ಕು ಕೊಂಡಿತು. ಆ ಮಗ್ಗದ ಮನೆಯಿಂದ ಹೊರಟ ಕಾರು ಕಂಪನಿ ಅದೇ ಪಾಠವನ್ನು ಹಗ್ಗ ಮಾಡಿ ಕೆಲಸಗಾರರ ತಲೆಯ ಮೇಲೆ ಕಟ್ಟಿತು: ಸಂಶಯ ಬಂದವರು ಎಳೆಯಲಿ. ನಮ್ಮ ಬಿಡದಿಯ ಕಾರು ಕಾರ್ಖಾನೆ ಅದೇ ಮನೆತನದ್ದು.

ಅದೇ ದಿನ, ಮನೆಗೆ ಹೋಗುವ ಮೊದಲು

ಕೆಟ್ಟ ತುಣುಕಿನ ಎದುರೇ ನಿಂತು ಮಾತಾಡಿ.
ಐದು ಸಲ "ಯಾಕೆ" ಎಂದು ಕೇಳಿ.
ಮನುಷ್ಯನ ಹೆಸರು ಉತ್ತರವಾಗಿ ಬಂದರೆ ಇನ್ನೊಂದು ಸಲ ಕೇಳಿ.

ಹೀಗೆ ಕೇಳಿ. ಎರಕದಲ್ಲಿ ಗಾಳಿಗುಳಿ ಯಾಕೆ ಬಂತು? ಮರಳಲ್ಲಿ ತೇವ ಹೆಚ್ಚಿತ್ತು. ಯಾಕೆ ಹೆಚ್ಚಿತ್ತು? ಮರಳು ಕಲಸುವ ಮುಲ್ಲರ್‌ಗೆ ನೀರು ಎಂದಿನಷ್ಟೇ ಹಾಕಿದರು, ಮರಳು ಆಗಲೇ ಹಸಿಯಾಗಿತ್ತು. ಯಾಕೆ ಹಸಿಯಾಗಿತ್ತು? ರಾಶಿ ಶೀಟಿನ ಅಂಚಿನಲ್ಲಿತ್ತು, ಮಳೆಯ ಎರಚಲು ಬಡಿಯಿತು. ಅಂಚಿನಲ್ಲಿ ಯಾಕಿತ್ತು? ಒಳಗಿನ ಜಾಗದಲ್ಲಿ ರಿಜೆಕ್ಟ್ ಆದ ಎರಕಗಳು ಬಿದ್ದಿವೆ. ಯಾಕೆ ಬಿದ್ದಿವೆ? ಅದನ್ನು ಎತ್ತಿಸುವ ಅಧಿಕಾರ ಯಾರದೆಂದು ಯಾರಿಗೂ ಗೊತ್ತಿಲ್ಲ.

ಮೊದಲ ಪ್ರಶ್ನೆಗೇ ನಿಲ್ಲಿಸಿದ್ದರೆ ಮುಲ್ಲರ್ ಓಡಿಸುವ ಹುಡುಗನಿಗೆ ಮೆಮೊ ಹೋಗುತ್ತಿತ್ತು. ಐದನೆಯದಕ್ಕೆ ಹೋದರೆ ಹಳೆಯ ರಿಜೆಕ್ಟೇ ಹೊಸ ರಿಜೆಕ್ಟನ್ನು ಹೆರುತ್ತಿದೆ ಎಂದು ಕಾಣುತ್ತದೆ.

ಅನುಭವಿ ಹೊರಡುವ ಮೊದಲು

ಮುಂದಿನ ಹನ್ನೆರಡು ತಿಂಗಳಲ್ಲಿ ನಿವೃತ್ತರಾಗುವವರ ಪಟ್ಟಿ ಮಾಡಿ.
ಪ್ರತಿ ಹೆಸರಿನ ಮುಂದೆ "ಇವರೊಬ್ಬರಿಗೇ ಗೊತ್ತಿರುವುದೇನು" ಎಂದು ಬರೆಯಿರಿ.
ಆರು ತಿಂಗಳು ಮೊದಲೇ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ.
ನಿಂತವರ ಕೈಯಲ್ಲೂ ಕೆಲಸ ಮಾಡಿಸಿ.
ಚೆನ್ನಾಗಿ ನಡೆದ ದಿನದ ಬಗ್ಗೆ ಕಡಿಮೆ ಕೇಳಿ, ಕೈಕೊಟ್ಟ ದಿನದ ಬಗ್ಗೆ ಹೆಚ್ಚು ಕೇಳಿ.
ವಿಡಿಯೊದಲ್ಲಿ ಮುಖಕ್ಕಿಂತ ಕೈಯನ್ನು ತೋರಿಸಿ.
ಕೈಯ ಅಂದಾಜಿನ ಪಕ್ಕದಲ್ಲಿ ಮೀಟರಿನ ಅಂಕಿ ಬರೆಯಿರಿ.

ಈ ಕೊನೆಯ ಸಾಲಿಗೆ ನಿಲ್ಲಿ. ಹಳೆಯ ಮೋಲ್ಡರ್ ಮರಳನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ ಹಿಚುಕುತ್ತಾನೆ. ಕೈ ತೆರೆಯುತ್ತಾನೆ. ಉಂಡೆಯ ಮೇಲೆ ಬೆರಳ ಗೆರೆ ಮೂಡಿದೆಯೇ ನೋಡುತ್ತಾನೆ. ಎರಡು ತುಂಡು ಮಾಡುತ್ತಾನೆ. ಮುರಿದ ಅಂಚು ಚೂಪಾಗಿ ನಿಂತರೆ ಸರಿ, ಉದುರಿದರೆ ಒಣಗಿದೆ, ಅಂಗೈಗೆ ಮೆತ್ತಿದರೆ ನೀರು ಹೆಚ್ಚು. ಒಟ್ಟು ಐದು ಸೆಕೆಂಡು. ಹಸಿ ಮರಳಿನ ಅಚ್ಚಿಗೆ ತೇವ ಸಾಮಾನ್ಯವಾಗಿ ಶೇ 3ರಿಂದ 4ರ ಆಸುಪಾಸು ಎಂದು ಪುಸ್ತಕ ಹೇಳುತ್ತದೆ. ನಿಮ್ಮ ಮರಳಿಗೆ, ನಿಮ್ಮ ಎರಕಕ್ಕೆ ಸರಿಯಾದ ಅಂಕಿ ಪುಸ್ತಕದಲ್ಲಿಲ್ಲ, ಆ ಅಂಗೈಯಲ್ಲಿದೆ. ಆತ "ಸರಿ" ಅಂದಾಗಲೆಲ್ಲ ಮೀಟರ್ ಚುಚ್ಚಿ ಬರೆದುಕೊಳ್ಳಿ. "ಬೇಡ, ಇನ್ನೊಂದು ಸುತ್ತು ಹೊಡಿ" ಅಂದಾಗಲೂ ಬರೆದುಕೊಳ್ಳಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಅಂಗೈ ನಿವೃತ್ತಿಯಾದರೂ ಅಂಕಿ ಉಳಿಯುತ್ತದೆ.

ಹೀಗೆ ಪಕ್ಕದಲ್ಲಿ ನಿಂತು ಕಲಿತದ್ದರಿಂದ ಹೊಸ ವಸ್ತುವೇ ಹುಟ್ಟಿದ್ದುಂಟು. ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟ ಜಪಾನಿನ ಮತ್ಸುಶಿತ ಕಂಪನಿಗೆ ಹಿಟ್ಟು ನಾದುವುದು ಹದಕ್ಕೆ ಬರಲಿಲ್ಲ. ಕಂಪನಿಯ ಸಾಫ್ಟ್‌ವೇರ್ ತಜ್ಞೆ ಇಕುಕೊ ತನಕ, ಒಸಾಕ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಕೈಕೆಳಗೆ ಶಿಷ್ಯೆಯಾಗಿ ನಿಂತರು. ಆತ ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಾನೆ ಎಂಬುದು ಕಣ್ಣಿಗೆ ಬಿತ್ತು. ಯಂತ್ರದ ಒಳಮೈಗೆ ಏಣುಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ನೊನಾಕ ಮತ್ತು ತಕೆಯುಚಿ 1995ರ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನು ಬಿಡಿಸಿ ಬರೆದ ಮೇಲೆ ಜ್ಞಾನ ನಿರ್ವಹಣೆ ಕಲಿಸುವವರೆಲ್ಲ ಇದನ್ನು ಹೇಳುತ್ತಾರೆ. ಹೇಳುವವರು ಬಹಳ, ಶಿಷ್ಯರನ್ನು ನಿಲ್ಲಿಸುವವರು ಕಡಿಮೆ.

ಬರೆದಿಡುವಾಗ

ಒಂದು ಚೀಟಿಗೆ ಒಂದೇ ಸಂಗತಿ ಬರೆಯಿರಿ.
ಲಕ್ಷಣ, ಕಾರಣ, ಮಾಡಿದ ಉಪಾಯ, ಈ ಮೂರನ್ನೇ ಬರೆಯಿರಿ.
ಬರೆದವರ ಹೆಸರು ಹಾಕಿ.
ಅದೇ ಕೆಲಸ ಮಾಡುವ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿ.
ಕೆಲಸದ ಸೂಚನೆಯನ್ನು ಕೆಲಸ ಮಾಡುವವರ ಭಾಷೆಯಲ್ಲಿ ಹಾಕಿ. ಕನ್ನಡದವರಿದ್ದರೆ ಕನ್ನಡ, ಒಡಿಯಾದವರಿದ್ದರೆ ಒಡಿಯಾ, ಜೊತೆಗೆ ಚಿತ್ರ.
ಪ್ರತಿ ಸೂಚನೆಗೂ ತಾರೀಕು ಹಾಕಿ.
ವರ್ಷ ದಾಟಿದ ಸೂಚನೆಯನ್ನು ಮತ್ತೆ ಓದಿಸಿ.
ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕರೆ ಹಳೆಯದನ್ನು ಹೊಡೆದುಹಾಕಿ.

ಫೋಟೊಕಾಪಿ ಯಂತ್ರ ರಿಪೇರಿ ಮಾಡುವ ಝೆರಾಕ್ಸ್ ಕಂಪನಿಯ ತಂತ್ರಜ್ಞರು ಕಷ್ಟದ ಕೇಸುಗಳನ್ನು ಬಗೆಹರಿಸುತ್ತಿದ್ದುದು ಕೈಪಿಡಿಗಿಂತ ಹೆಚ್ಚಾಗಿ ಕಾಫಿ ಹೊತ್ತಿನ ಮಾತಿನಿಂದ. ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಈ ತಂತ್ರಜ್ಞರ ಜೊತೆ ಓಡಾಡಿ ಇದನ್ನು ದಾಖಲಿಸಿದರು. 1990ರ ದಶಕದಲ್ಲಿ ಯುರೇಕಾ ಎಂಬ ವ್ಯವಸ್ಥೆ ಬಂತು: ತಂತ್ರಜ್ಞ ತನ್ನ ಉಪಾಯ ಬರೆಯುತ್ತಾನೆ, ಇತರ ತಂತ್ರಜ್ಞರು ಪರಿಶೀಲಿಸುತ್ತಾರೆ, ಆಮೇಲೆ ಅವನ ಹೆಸರಿನೊಂದಿಗೆ ಎಲ್ಲರಿಗೂ ಸಿಗುತ್ತದೆ. ಪರಿಶೀಲನೆ ಗುಣಮಟ್ಟದ ಕೆಲಸ. ಹಂಚಿಕೆ ಜ್ಞಾನದ ಕೆಲಸ. ಬೇರೆ ಬೇರೆ ಇಲಾಖೆ ಬೇಕಾಗಲಿಲ್ಲ.

ಆಡಿಟರ್ ಕೇಳುವ ಮೊದಲೇ ತಿಳಿದಿರಲಿ. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6ನೇ ಕಲಮು ಸಂಸ್ಥೆಯ ಜ್ಞಾನದ ಬಗ್ಗೆಯೇ ಇದೆ: ಕೆಲಸಕ್ಕೆ ಬೇಕಾದ ಅರಿವು ಯಾವುದೆಂದು ಗುರುತಿಸಿ, ಉಳಿಸಿ, ಬೇಕಾದವರಿಗೆ ಸಿಗುವಂತೆ ಇಡಿ. ಜ್ಞಾನ ನಿರ್ವಹಣೆಗೇ ಬೇರೆ ಮಾನದಂಡ 2018ರಲ್ಲಿ ಬಂತು, ಅದರ ಸಂಖ್ಯೆ 30401. ನಾವೀನ್ಯದ್ದು 56001, ಅದು 2024ರದ್ದು. ಮೂರು ಸಂಖ್ಯೆ ಎಂದು ಮೂರು ಕಪಾಟು ತರಿಸಬೇಡಿ. ಮೂರಕ್ಕೂ ಒಬ್ಬರನ್ನೇ ಹೊಣೆ ಮಾಡಿ.

ಹೊಸತು ಮಾಡುವಾಗ

ಪ್ರಯೋಗಕ್ಕೆ ಬೇರೆ ಜಾಗ ಕೊಡಿ. ಒಂದು ಮೂಲೆಯಾದರೂ ಸಾಕು.
ಪ್ರಯೋಗದ ತುಣುಕಿಗೆ ಬೇರೆ ಬಣ್ಣ ಹಚ್ಚಿ.
ಪ್ರಯೋಗದ ರಿಜೆಕ್ಟನ್ನು ಬೇರೆ ಪುಸ್ತಕದಲ್ಲಿ ಬರೆಯಿರಿ.
ಹೊಸ ವಿನ್ಯಾಸದ ಮೊದಲ ಸಭೆಗೆ ರಿಜೆಕ್ಟ್ ರಿಜಿಸ್ಟರ್ ತನ್ನಿ.
ಅದೇ ಸಭೆಗೆ ಹಳೆಯ ಮೋಲ್ಡರನ್ನು ಕರೆಯಿರಿ.
ಅವನಿಗೆ ಕುರ್ಚಿ ಕೊಡಿ.
ಪ್ರಯೋಗ ಗೆದ್ದು ಉತ್ಪಾದನೆಗೆ ಬಂದ ದಿನದಿಂದ ಪೂರ್ತಿ ಕಟ್ಟುನಿಟ್ಟು ಹಾಕಿ.

ಗೆರೆ ಎಲ್ಲಿ ಎಳೆಯಬೇಕು ಎಂಬುದೇ ಇಲ್ಲಿ ಮುಖ್ಯ. ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡಲು ಹೋಗಿ ಸಡಿಲ ಅಂಟು ಮಾಡಿದ. ಅಂಟುತ್ತದೆ, ಎಳೆದರೆ ಬಿಡುತ್ತದೆ. ಗಟ್ಟಿತನದ ಮಾಪಕದಲ್ಲಿ ಅದು ಶುದ್ಧ ರಿಜೆಕ್ಟ್. ಸಿಲ್ವರ್ ಅದನ್ನು ಎಸೆಯಲಿಲ್ಲ. ಸಹೋದ್ಯೋಗಿಗಳಿಗೆ ವರ್ಷಗಟ್ಟಲೆ ತೋರಿಸುತ್ತಾ ಹೋದ. 1974ರಲ್ಲಿ ಸಹೋದ್ಯೋಗಿ ಆರ್ಟ್ ಫ್ರೈಗೆ ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಉದುರುವ ತೊಂದರೆ ಇತ್ತು, ಸಿಲ್ವರ್ ಅಂಟು ನೆನಪಾಯಿತು. 1980ರಲ್ಲಿ ಪೋಸ್ಟ್-ಇಟ್ ಅಮೆರಿಕದ ಅಂಗಡಿಗಳಿಗೆ ಬಂತು. ಕೆಟ್ಟದ್ದನ್ನು ಇಟ್ಟುಕೊಂಡಿದ್ದು, ಇತರರಿಗೆ ತಿಳಿಯುವಂತೆ ಮಾಡಿದ್ದು, ಬೇರೆ ಕಣ್ಣಿಂದ ನೋಡಿದ್ದು. ಮೂರೂ ಸೇರಿ ಹನ್ನೆರಡು ವರ್ಷ.

ಅದೇ ಕಂಪನಿಗೆ 2001ರಲ್ಲಿ ಹೊಸ ಮುಖ್ಯಸ್ಥರು ಬಂದು ಸಿಕ್ಸ್ ಸಿಗ್ಮಾ ತಂದರು. ಕಾರ್ಖಾನೆಯಲ್ಲಿ ವ್ಯರ್ಥ ಕಡಿಮೆಯಾಯಿತು, ಒಳ್ಳೆಯದೇ. ಅದನ್ನು ಸಂಶೋಧನಾ ಕೋಣೆಗೂ ಹಬ್ಬಿಸಿದಾಗ ವಿಜ್ಞಾನಿಗಳಿಗೆ ಉಸಿರು ಕಟ್ಟಿತು. ಮುಂದೆ ಬಂದ ಜಾರ್ಜ್ ಬಕ್ಲಿ ಸಂಶೋಧನೆಯ ಮಟ್ಟಿಗೆ ಅದನ್ನು ಸಡಿಲಿಸಿದರು. ಗುಣಮಟ್ಟ ನಾವೀನ್ಯದ ಶತ್ರು ಎಂದು ಇದರಿಂದ ಅರ್ಥ ಮಾಡಿಕೊಳ್ಳುವವರಿದ್ದಾರೆ. ತಪ್ಪು. ಅಡುಗೆಮನೆಯ ತಕ್ಕಡಿಯನ್ನು ಬೀಜ ಬಿತ್ತುವ ಹೊಲಕ್ಕೆ ಒಯ್ದರು, ಅಷ್ಟೇ.

ಸೋತ ದಿನ

ಮೇಲಿನವರು ಮುಂದೆ ಬಂದು ನಿಲ್ಲಿ.
ಡೇಟಾ ಮೊದಲು ಭದ್ರ ಮಾಡಿ.
ಕಾರಣಗಳನ್ನು ಸಂಖ್ಯೆ ಹಾಕಿ ಪಟ್ಟಿ ಮಾಡಿ.
ಪ್ರತಿ ಕಾರಣದ ಎದುರು ಒಂದು ಬದಲಾವಣೆ ಬರೆಯಿರಿ.
ಉಳಿದಿರುವ ಒಳ್ಳೆಯ ಭಾಗವನ್ನು ಮತ್ತೆ ಬಳಸಿ.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಮೊದಲ ಹಾರಾಟದಲ್ಲಿ ಸೋತಾಗ ಪತ್ರಕರ್ತರ ಎದುರು ಕೂತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಗೆದ್ದಾಗ ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು ಕೂರಿಸಿದರು. ಕಲಾಂ ಇದನ್ನು ಬದುಕಿಡೀ ಹೇಳುತ್ತಾ ಬಂದರು. ಬೈಗುಳಕ್ಕೆ ಮೇಲಿನವರು ತಲೆ ಕೊಟ್ಟರೆ ಕೆಳಗಿನವರು ನಿಜ ಬರೆಯುತ್ತಾರೆ.

ನಾಲ್ಕು ದಶಕದ ಮೇಲೆ, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿತು. ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೊಠಡಿಯಲ್ಲಿ ಸಂಕೇತ ಕಡಿದದ್ದನ್ನು ದೇಶವೇ ನೋಡಿತು. ಕಣ್ಣೀರು ಟಿವಿಯಲ್ಲಿ ಬಂತು, ಲೆಕ್ಕ ಆಮೇಲೆ ಶುರುವಾಯಿತು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟಿದ್ದವು, ತಪ್ಪು ಕೂಡುತ್ತಾ ಹೋಯಿತು. ತಿದ್ದಿಕೊಳ್ಳಲು ನೌಕೆ ಬೇಗ ತಿರುಗಬೇಕಿತ್ತು, ತಿರುಗುವ ವೇಗಕ್ಕೆ ಮಿತಿ ಹಾಕಿಟ್ಟಿದ್ದರು. ಇಳಿಯುವ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ ಮಾತ್ರ. ಅದನ್ನು ಮುಟ್ಟಲು ನೌಕೆ ನೆಲ ಹತ್ತಿರವಾದ ಮೇಲೂ ವೇಗ ಹೆಚ್ಚಿಸಿಕೊಂಡಿತು.

ಚಂದ್ರಯಾನ-3ರಲ್ಲಿ ಪ್ರತಿಯೊಂದಕ್ಕೂ ಉತ್ತರವಿತ್ತು. ಇಳಿಯುವ ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಬೆಳೆಯಿತು. ನಡುವಿನ ಐದನೇ ಎಂಜಿನ್ ತೆಗೆದರು. ಕಾಲುಗಳನ್ನು ಗಟ್ಟಿ ಮಾಡಿದರು. ಇಂಧನ ಹೆಚ್ಚಿಸಿದರು. ವೇಗ ಅಳೆಯಲು ಹೊಸದಾಗಿ ಲೇಸರ್ ಉಪಕರಣ ಕೂರಿಸಿದರು. ಚಂದ್ರಯಾನ-2ರ ಆರ್ಬಿಟರ್ ಚೆನ್ನಾಗಿಯೇ ಸುತ್ತುತ್ತಿತ್ತು. ಹಾಗಾಗಿ ಇನ್ನೊಂದನ್ನು ಕಳಿಸದೆ ಅದರ ಕ್ಯಾಮೆರಾವನ್ನೂ ಸಂಪರ್ಕವನ್ನೂ ಬಳಸಿಕೊಂಡರು. ಏನೇನು ಗೆಲ್ಲಿಸುತ್ತದೆ ಎಂದು ನೋಡಿ ವಿನ್ಯಾಸ ಮಾಡುವುದು ಬಿಟ್ಟು, ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಎಂದು ವಿನ್ಯಾಸ ಮಾಡಿದೆವು ಎಂಬುದು ಆಗಿನ ಅಧ್ಯಕ್ಷ ಸೋಮನಾಥ್ ಅವರ ವಿವರಣೆ. 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಇಳಿಯಿತು. ನನ್ನ ಮಟ್ಟಿಗೆ ಗುಣಮಟ್ಟ, ಜ್ಞಾನ, ನಾವೀನ್ಯ ಒಂದೇ ಮೇಜಿಗೆ ಬಂದದ್ದಕ್ಕೆ ನಮ್ಮೂರಿನ ಹತ್ತಿರದ ಸಾಕ್ಷಿ ಇದೇ.

ಮಾಡಬಾರದ್ದು

ರಿಜಿಸ್ಟರಿನಲ್ಲಿ

ಆಡಿಟ್ ಹಿಂದಿನ ರಾತ್ರಿ ರಿಜಿಸ್ಟರ್ ತುಂಬಬಾರದು.
ಒಬ್ಬರ ಬದಲು ಇನ್ನೊಬ್ಬರು ಸಹಿ ಮಾಡಬಾರದು.
ಅಳತೆಯ ಮಾನ ಬರೆಯದೆ ಬರೀ ಅಂಕಿ ಕೊಡುವುದು ಬೇಡ.
"ಇತರೆ" ಎಂಬ ಕಾಲಮ್ಮಿನಲ್ಲಿ ದೋಷ ತುರುಕುವುದು ಬೇಡ.
ಕೆಟ್ಟ ತುಣುಕನ್ನು ಲೆಕ್ಕಕ್ಕೆ ಬರುವ ಮೊದಲೇ ಫರ್ನೇಸಿಗೆ ಎಸೆಯುವುದು ಬೇಡ.

ಒಂದು ಕಾರ್ಖಾನೆಯಲ್ಲಿ ನಾನು ಕಣ್ಣಾರೆ ನೋಡಿದ ಫರ್ನೇಸ್ ಉಷ್ಣಾಂಶದ ಪುಸ್ತಕ ಹೀಗಿತ್ತು. ಮೂರು ತಿಂಗಳ ಅಂಕಿ, ಒಂದೇ ನೀಲಿ ಪೆನ್ನು, ಒಂದೇ ಓರೆ. ದೀಪಾವಳಿಯ ದಿನವೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ಓದು ನಮೂದಾಗಿತ್ತು. ಅಂದು ಫರ್ನೇಸ್ ಹಚ್ಚಿರಲೇ ಇಲ್ಲ, ಕಾರ್ಖಾನೆಗೆ ರಜೆ. ಆಡಿಟರ್ ಗಮನಿಸಲಿಲ್ಲ, ಪ್ರಮಾಣಪತ್ರ ಬಂತು, ಗೋಡೆಗೆ ಚೌಕಟ್ಟು ಹಾಕಿದರು. ಮುಂದೆ ಅವರ ಎರಕದಲ್ಲಿ ಬಿರುಕು ಕಂಡಾಗ ಹಿಂದಿನ ಉಷ್ಣಾಂಶ ನೋಡಿ ಕಾರಣ ಹುಡುಕಲು ಕೂತರು. ಪುಸ್ತಕದ ತುಂಬ ಅಂಕಿ ಇತ್ತು, ನಂಬಲು ಒಂದೂ ಇರಲಿಲ್ಲ.

ಮಾನದ ವಿಷಯಕ್ಕೆ: 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಕಳೆದುಹೋಯಿತು. ಒಂದು ತಂಡ ನೂಕುಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತ್ತು, ಇನ್ನೊಂದು ನ್ಯೂಟನ್ ಎಂದುಕೊಂಡಿತ್ತು. ಏನೋ ಸರಿಯಿಲ್ಲ ಎಂದು ಗಮನಿಸಿದವರಿದ್ದರು. ಅವರ ಮಾತು ವಿಧಿಪ್ರಕಾರ ದಾಖಲೆಗೆ ಏರಲಿಲ್ಲ.

ಸಭೆಯಲ್ಲಿ, ಗೋಡೆಯ ಮೇಲೆ, ಫೋನಿನಲ್ಲಿ

ಅಪಾಯವನ್ನು ಸ್ಲೈಡಿನ ಕೊನೆಯ ಸಾಲಿನಲ್ಲಿ ಚಿಕ್ಕಕ್ಷರದಲ್ಲಿ ಅಡಗಿಸುವುದು ಬೇಡ. (ಕೊಲಂಬಿಯಾ ತನಿಖೆ ಇದನ್ನೇ ಬೆರಳಿಟ್ಟು ತೋರಿಸಿತು: ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಂದು ಕೂತಿತ್ತು.)
ಘೋಷಣೆಯ ಬ್ಯಾನರ್ ಕಟ್ಟುವುದು ಬೇಡ.
ವಾಟ್ಸಾಪ್ ಗ್ರೂಪನ್ನೇ ಜ್ಞಾನಭಂಡಾರ ಎಂದುಕೊಳ್ಳುವುದು ಬೇಡ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ಬೇರಿಂಗ್ ಬಿಸಿಯಾದ ಸುದ್ದಿ ಮುಳುಗುತ್ತದೆ.
ಬೀಗ ಹಾಕಿದ ಸಲಹಾ ಪೆಟ್ಟಿಗೆ ನೇತುಹಾಕುವುದು ಬೇಡ.
ಸಲಹೆಗೆ ಒಂದು ವಾರದ ಮೇಲೆ ಉತ್ತರ ತಡ ಮಾಡಬಾರದು. ಇಲ್ಲ ಅನ್ನುವುದೂ ಉತ್ತರವೇ.
ಸಾಫ್ಟ್‌ವೇರ್ ಮೊದಲು ಕೊಂಡು, ಅದರಲ್ಲಿ ತುಂಬಲು ಏನಿದೆ ಎಂದು ಆಮೇಲೆ ಹುಡುಕುವುದು ಬೇಡ.

ಬ್ಯಾನರಿಗೆ ಅಡ್ಡಿ ನನ್ನದಲ್ಲ. ಜಪಾನಿನಲ್ಲಿ 1951ರಿಂದ ಕೊಡುತ್ತಿರುವ ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ಡೆಮಿಂಗ್ ತಮ್ಮ 14 ಅಂಶಗಳಲ್ಲಿ ಘೋಷಣೆಗಳನ್ನು ತೆಗೆದುಹಾಕಿ ಎಂದರು. ಭಯ ಓಡಿಸಿ ಎಂಬುದೂ ಅದೇ ಪಟ್ಟಿಯಲ್ಲಿದೆ. ನಮ್ಮಲ್ಲಿ ಮೊದಲನೆಯದನ್ನು ತಿರುಗಿಸಿ ಓದಿದರು, ಎರಡನೆಯದನ್ನು ಓದಲಿಲ್ಲ.

ಜನರ ವಿಷಯದಲ್ಲಿ

ರಿಜೆಕ್ಟ್ ಸಂಖ್ಯೆಗೆ ಇನ್ಸೆಂಟಿವ್ ಕಟ್ಟುವುದು ಬೇಡ. ಸಂಖ್ಯೆ ಇಳಿಯುತ್ತದೆ, ದೋಷ ಇಳಿಯುವುದಿಲ್ಲ.
ತಪ್ಪು ಒಪ್ಪಿಕೊಂಡವರನ್ನು ಎಲ್ಲರೆದುರು ಬೈಯುವುದು ಬೇಡ.
ಕೆಳಗಿನವರ ಉಪಾಯಕ್ಕೆ ಮೇಲಿನವರ ಹೆಸರು ಹಾಕಬಾರದು.
ಗುತ್ತಿಗೆ ಕೆಲಸಗಾರರನ್ನು ಈ ಸಭೆಗಳಿಂದ ಹೊರಗಿಡುವುದು ಬೇಡ. ಬಹಳ ಕಡೆ ಎರಕಕ್ಕೆ ಕೈ ಹಚ್ಚುವವರು ಅವರೇ.
ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಅಂದೇ ಮೊದಲ ಸಲ "ನಿಮ್ಮ ಅನುಭವ ಹೇಳಿ" ಅನ್ನುವುದು ಬೇಡ.
ಕೆಲಸ ಬಲ್ಲವರನ್ನು ಇನ್‌ಸ್ಪೆಕ್ಷನ್ ಮೇಜಿಗೆ ಕಟ್ಟಿಹಾಕುವುದು ಬೇಡ.

ಹೊಸತಿನ ವಿಷಯದಲ್ಲಿ

ಪ್ರಯೋಗದ ತುಣುಕನ್ನು ಉತ್ಪಾದನೆಯ ರಿಜೆಕ್ಟಿಗೆ ಸೇರಿಸಬಾರದು.
ಪ್ರಯೋಗದ ತುಣುಕನ್ನು ಗ್ರಾಹಕರ ಲಾರಿಗೆ ಸೇರಿಸಲೇಬಾರದು.
ಹೊಸ ಪ್ಯಾಟರ್ನಿಗೆ ಹಳೆಯ ಸಮಸ್ಯೆಗಳ ಪಟ್ಟಿ ನೋಡದೆ ಡ್ರಾಯಿಂಗ್ ಬಿಡುಗಡೆ ಮಾಡಬಾರದು.
ಇನ್ನೊಂದು ಕಂಪನಿಯ ಪದ್ಧತಿಯನ್ನು ಹೆಸರು ಸಮೇತ ನಕಲು ಮಾಡುವುದು ಬೇಡ.
ಇಂದಿನ ಗುಣಮಟ್ಟ ಚೆನ್ನಾಗಿದೆ ಎಂದು ನಾಳೆಯ ವಸ್ತುವನ್ನು ಮುಂದೂಡುವುದು ಬೇಡ.

ಕೊನೆಯದಕ್ಕೆ ದೂರ ಹೋಗಬೇಕಿಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು. ಕೈ ಪಳಗಿದ ಕೆಲಸಗಾರರು, ತಲೆಮಾರು ಬಾಳುವ ವಾಚು. ಎಷ್ಟೋ ಮನೆಗಳಲ್ಲಿ ಅಪ್ಪನ ವಾಚು ಇನ್ನೂ ನಡೆಯುತ್ತಿದೆ. ಕ್ವಾರ್ಟ್ಜ್ ಕೂಡ ಅವರಿಗೆ ಗೊತ್ತಿತ್ತು, ಮಾಡಿಯೂ ಇದ್ದರು. ಆದರೆ ನೆಚ್ಚಿದ್ದು ಕೀಲಿ ಕೊಡುವ ವಾಚನ್ನೇ. ಹೊಸೂರಿನ ಟೈಟಾನ್ 1987ರಲ್ಲಿ ಕ್ವಾರ್ಟ್ಜ್ ಹಿಡಿದು ಬಂತು, ಮಾರುಕಟ್ಟೆ ಅತ್ತ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಗುಣಮಟ್ಟವಿತ್ತು, ಜ್ಞಾನವಿತ್ತು. ಎರಡನ್ನೂ ಹೊಸ ವಸ್ತುವಿಗೆ ತಿರುಗಿಸುವ ತೀರ್ಮಾನ ಹೊತ್ತಿಗೆ ಬರಲಿಲ್ಲ.

ನಾಳೆ ಬೆಳಗಿನ ಶಿಫ್ಟಿಗೆ

ಈ ಸೂಚನೆಯನ್ನು ಕ್ವಾಲಿಟಿ ಕೋಣೆಯಲ್ಲಿ ಅಂಟಿಸಬೇಡಿ, ಅಲ್ಲಿ ಈಗಾಗಲೇ ಕಾಗದ ಹೆಚ್ಚಾಗಿದೆ. ಮುಲ್ಲರ್ ಪಕ್ಕದ ಕಂಬಕ್ಕೆ ಅಂಟಿಸಿ. ಎಲ್ಲವನ್ನೂ ನಾಳೆಯೇ ಮಾಡಲು ಆಗುವುದಿಲ್ಲ. ಈ ವರ್ಷ ನಿವೃತ್ತರಾಗುವವರಲ್ಲಿ ಒಬ್ಬರ ಹೆಸರು ಈಗಲೇ ಬರೆಯಿರಿ, ಬೆಳಿಗ್ಗೆ ಆರು ಗಂಟೆಗೆ ಅವರ ಪಕ್ಕ ಒಬ್ಬರನ್ನು ನಿಲ್ಲಿಸಿ, ಕೈಯಲ್ಲಿ ತೇವದ ಮೀಟರೂ ಒಂದು ಪೆನ್ಸಿಲ್ಲೂ ಕೊಡಿ.